ಮೇಷ್ಟ್ರು ಫೇಲಾದ ಪರೀಕ್ಷೆ

ಇಪ್ಪತ್ತೇಳು ವರ್ಷ ಮಕ್ಕಳ ಉತ್ತರಪತ್ರಿಕೆಗಳ ಮೇಲೆ ಕೆಂಪು ಶಾಯಿಯ ಗೀಟು ಎಳೆದುಕೊಂಡು ಬಂದವನು ನಾನು. ಎಸ್ಸೆಸ್ಸೆಲ್ಸಿ, ಪಿಯುಸಿ, ಬಿ.ಎಸ್ಸಿ., ಬಿ.ಎಡ್. ಯಾವುದರಲ್ಲೂ ರ‍್ಯಾಂಕು ಬಂದವನಲ್ಲ. ಹಾಗೆಯೇ ಯಾವುದರಲ್ಲೂ ಡುಮ್ಕಿ ಹೊಡೆದವನೂ ಅಲ್ಲ. ಅಂಥ ನಾನು ಐವತ್ಮೂರನೆಯ ವಯಸ್ಸಿನಲ್ಲಿ, 2023ರ ನವೆಂಬರ್ ತಿಂಗಳ ಒಂದು ಬೆಳಿಗ್ಗೆ, ಪರದೇಶದ ಒಂದು ಊರಿನಲ್ಲಿ ಪರೀಕ್ಷೆಯೊಂದರಲ್ಲಿ ಫೇಲಾದೆ. ಅದೇ ಪರೀಕ್ಷೆಯನ್ನು ಒಂದು ತಿಂಗಳ ನಂತರ ನನ್ನ ಹದಿನೇಳರ ಮಗ ಮೊದಲ ಸಲಕ್ಕೇ ಪಾಸು ಮಾಡಿದ. ಆ ಸಂಜೆ ಮನೆಯಲ್ಲಿ ಕೇಸರಿಭಾತು ಮಾಡಿದ್ದರು. ಅದು ನನ್ನ ಗಂಟಲಿನಲ್ಲಿ ಸ್ವಲ್ಪ ನಿಧಾನವಾಗಿಯೇ ಇಳಿಯಿತು ಎಂದು ಒಪ್ಪಿಕೊಳ್ಳುತ್ತೇನೆ.

ನಾನು ಅಲ್ಲಿಗೆ ಹೋದದ್ದೇಕೆ ಎಂಬುದನ್ನು ಮೊದಲು ಹೇಳಿಬಿಡಬೇಕು. ನನ್ನ ಮನೆಯಾಕೆ ಸ್ಟಾಫ್ ನರ್ಸ್. ಬ್ರಿಟನ್ನಿನ ವೇಲ್ಸ್ ನಾಡಿನಲ್ಲಿರುವ ಸ್ವಾನ್ಸಿ ಎಂಬ ನಗರದ ಆಸ್ಪತ್ರೆಯೊಂದರಲ್ಲಿ ಆಕೆಗೆ ಕೆಲಸ ಸಿಕ್ಕಿತು. ಮಗ ಆಗತಾನೇ ಎಸ್ಸೆಸ್ಸೆಲ್ಸಿ ಮುಗಿಸಿದ್ದ. ನಾನು ಶಾಲೆಯ ಆಡಳಿತ ಮಂಡಳಿಯ ಮುಂದೆ ಕೈಮುಗಿದು ನಿಂತು ಎರಡು ವರ್ಷ ಸಂಬಳವಿಲ್ಲದ ರಜೆ ಪಡೆದೆ. 2022ರ ಜುಲೈ ತಿಂಗಳಲ್ಲಿ ಶಿವಮೊಗ್ಗ ಜಿಲ್ಲೆಯ ಜಡಿಮಳೆಯಲ್ಲಿ ವಿಮಾನ ಹಿಡಿಯಲು ಹೊರಟವರು ಸ್ವಾನ್ಸಿಯ ತುಂತುರು ಮಳೆಯಲ್ಲಿ ಇಳಿದೆವು. ಒಂದು ಕಡೆ ಸಮುದ್ರ, ಇನ್ನೊಂದು ಕಡೆ ಗುಡ್ಡ. ಗುಡ್ಡದ ಮೇಲೆ ಮೆಟ್ಟಿಲು ಜೋಡಿಸಿದ ಹಾಗೆ ಮನೆಗಳ ಸಾಲು. ಮಲೆನಾಡಿನವನಿಗೆ ಊರು ತೀರಾ ಹೊಸದೆನಿಸಲಿಲ್ಲ.

ಮನೆಯಾಕೆಯ ಪಾಳಿ ಕೆಲವು ದಿನ ರಾತ್ರಿ ಎಂಟಕ್ಕೆ ಮುಗಿಯುತ್ತಿತ್ತು. ಚಳಿಗಾಲದಲ್ಲಿ ಅಲ್ಲಿ ಸಂಜೆ ನಾಲ್ಕೂವರೆಗೇ ಕತ್ತಲು. ಮಳೆಯಲ್ಲಿ ಬಸ್ಸಿಗೆ ಕಾಯುವ ಕಷ್ಟ ನೋಡಲಾರದೆ ಒಂದು ಹಳೆಯ ಪುಟ್ಟ ಕಾರು ಕೊಂಡೆವು. ನನ್ನ ಬಳಿ ಭಾರತದ ಲೈಸೆನ್ಸು ಇತ್ತಲ್ಲ! ಅಲ್ಲೂ ನಮ್ಮ ಹಾಗೆಯೇ ರಸ್ತೆಯ ಎಡಬದಿಯಲ್ಲಿ ಓಡಿಸುವುದು. ಇನ್ನೇನು ಬೇಕು ಎಂದುಕೊಂಡೆ. ಆದರೆ ಅಲ್ಲಿನ ಕಾನೂನು ಬೇರೆ. ಭಾರತದ ಲೈಸೆನ್ಸು ಹೊಂದಿದವನು ಅಲ್ಲಿ ನೆಲೆಸಿದ ದಿನದಿಂದ ಹನ್ನೆರಡು ತಿಂಗಳು ಮಾತ್ರ ಗಾಡಿ ಓಡಿಸಬಹುದು. ಹದಿಮೂರನೆಯ ತಿಂಗಳಿಗೆ ಅವನು ಗಾಡಿಯೇ ಮುಟ್ಟದವನಿಗೆ ಸಮ. ಅಆಇಈಯಿಂದ ಶುರು ಮಾಡಬೇಕು.

ಇಲ್ಲಿ ನನ್ನ ಹಳೆಯ ಲೈಸೆನ್ಸಿನ ಕಥೆಯನ್ನೂ ಹೇಳದೆ ವಿಧಿಯಿಲ್ಲ. 1996ರಲ್ಲಿ ಅದನ್ನು ಪಡೆದೆ. ಊರು, ಕಚೇರಿಗಳ ಹೆಸರು ಬೇಡ. ಏಜೆಂಟರೊಬ್ಬರು ನಾಲ್ಕು ಕಾಗದಕ್ಕೆ ಸಹಿ ಹಾಕಿಸಿಕೊಂಡರು. ಮೈದಾನವೊಂದರಲ್ಲಿ ಸ್ಕೂಟರಿನಲ್ಲಿ ಎಂಟರ ಆಕಾರ ಬರೆದೆ. ಒಂದು ಕಡೆ ಕಾಲು ಊರಿದೆ. ಆಮೇಲೆ ಡ್ರೈವಿಂಗ್ ಸ್ಕೂಲಿನ ಕಾರಿನಲ್ಲಿ ನೂರು ಅಡಿ ಮುಂದೆ ಹೋದೆ. ಪಕ್ಕದಲ್ಲಿ ಕುಳಿತಿದ್ದ ಕಲಿಸುವವರ ಕಾಲು ಇನ್ನೊಂದು ಬ್ರೇಕಿನ ಮೇಲೆಯೇ ಇತ್ತು. ‘ಆಯ್ತು ಮೇಷ್ಟ್ರೇ, ಇಳೀರಿ’ ಎಂದರು. ಮುಂದಿನ ವಾರ ಲೈಸೆನ್ಸು ಕೈಸೇರಿತು. ಆ ದಿನ ನನಗೆ ಯಾವ ಪಾಪಪ್ರಜ್ಞೆಯೂ ಕಾಡಲಿಲ್ಲ. ಎಲ್ಲರೂ ಹಾಗೆಯೇ ಪಡೆಯುತ್ತಿದ್ದರು.

2023ರ ಮಾರ್ಚಿಯಲ್ಲಿ ಮಗನಿಗೆ ಹದಿನೇಳು ತುಂಬಿತು. ಅಲ್ಲಿ ಕಾರು ಕಲಿಯಲು ಅದೇ ವಯಸ್ಸು. ಅಪ್ಪ ಮಗ ಇಬ್ಬರೂ ಒಟ್ಟಿಗೇ ಕಲಿಕಾ ಲೈಸೆನ್ಸಿಗೆ ಅರ್ಜಿ ಹಾಕಿದೆವು. ತಲಾ 34 ಪೌಂಡ್ ಶುಲ್ಕ. ಇಂಗ್ಲೆಂಡ್, ಸ್ಕಾಟ್ಲೆಂಡ್, ವೇಲ್ಸ್ ಮೂರಕ್ಕೂ ಲೈಸೆನ್ಸು ಕೊಡುವ ಕೇಂದ್ರ ಕಚೇರಿ ಇರುವುದು ಸ್ವಾನ್ಸಿಯಲ್ಲಿಯೇ. ಊರಿನ ಗೆಳೆಯರೊಬ್ಬರು ಫೋನಿನಲ್ಲಿ ‘ಹೇಗೂ ಕಚೇರಿ ನಿಮ್ಮೂರಲ್ಲೇ ಇದೆ, ಒಂದು ಸಲ ಹೋಗಿ ಯಾರನ್ನಾದರೂ ನೋಡಿಕೊಂಡು ಬಾರಪ್ಪಾ’ ಎಂದು ಸಲಹೆ ಕೊಟ್ಟರು. ನೋಡಿಕೊಳ್ಳಲು ಅಲ್ಲಿ ಯಾರೂ ಇರಲಿಲ್ಲ. ಹಸಿರು ಬಣ್ಣದ ಎರಡು ಕಾರ್ಡುಗಳು ಅಂಚೆಯಲ್ಲಿ ಬಂದವು. ಪಾಸಾದವರ ಕಾರ್ಡಿನ ಬಣ್ಣ ಗುಲಾಬಿ.

ಕಲಿಯುವವರ ಕಾರಿಗೆ ಬಿಳಿ ಫಲಕದ ಮೇಲೆ ಕೆಂಪು ‘ಎಲ್’ ಅಕ್ಷರ ಹಚ್ಚುವುದು ನಮ್ಮಲ್ಲಿಯೂ ಇದೆ. ವೇಲ್ಸಿನಲ್ಲಿ ಅದರ ಬದಲಿಗೆ ‘ಡಿ’ ಹಚ್ಚಿಕೊಂಡರೂ ನಡೆಯುತ್ತದೆ. ವೆಲ್ಷ್ ಭಾಷೆಯಲ್ಲಿ ‘ಡಸ್ಗುರ್’ ಎಂದರೆ ಕಲಿಯುವವನು. ಶಬ್ದದ ಕೊನೆಯಲ್ಲಿ ‘ಗುರು’ ಇದ್ದ ಹಾಗೆ ಕೇಳಿಸಿ, ಇದೇ ನನಗೆ ಸರಿ ಎಂದು ಅದನ್ನೇ ಹಚ್ಚಿಕೊಂಡೆ! ಅಲ್ಲಿನ ರಸ್ತೆಗಳ ಮೇಲೆ ಇಂಗ್ಲಿಷಿನ ಜೊತೆಗೆ ವೆಲ್ಷ್ ಭಾಷೆಯಲ್ಲಿಯೂ ಬರೆದಿರುತ್ತಾರೆ. ‘ನಿಧಾನ’ ಎನ್ನುವುದಕ್ಕೆ ಅವರ ಮಾತು ‘ಅರವ್’. ತಿರುವಿಗೊಂದು ‘ಅರವ್’ ಕಂಡು ಕಂಡು ನನಗೆ ಬಂದ ಮೊದಲ ವೆಲ್ಷ್ ಪದ ಅದೇ ಆಯಿತು.

ಮೊದಲ ಹಂತ ಬರವಣಿಗೆಯ ಪರೀಕ್ಷೆ. ಕಂಪ್ಯೂಟರಿನ ಮುಂದೆ ಕುಳಿತು ಕೊಡುವುದು. 50 ಪ್ರಶ್ನೆ, 57 ನಿಮಿಷ. 43 ಸರಿಯಿದ್ದರೆ ಪಾಸು. 1931ರಲ್ಲಿ ಮೊದಲು ಪ್ರಕಟವಾದ ‘ಹೈವೇ ಕೋಡ್’ ಎಂಬ ಪುಸ್ತಕವೇ ಇದಕ್ಕೆ ಪಠ್ಯ. ಊಟದ ಮೇಜಿನ ಆ ಕಡೆ ಮಗ, ಈ ಕಡೆ ನಾನು. ಒಬ್ಬರಿಗೊಬ್ಬರು ಪ್ರಶ್ನೆ ಕೇಳಿಕೊಂಡು ಓದಿದೆವು. ಮಗ ನನ್ನ ಜೊತೆ ಅಷ್ಟು ಹೊತ್ತು ಕುಳಿತದ್ದು ಅವನ ಮಗ್ಗಿಯ ಕಾಲದ ನಂತರ ಅದೇ ಮೊದಲು.

ಆ ಪುಸ್ತಕದಲ್ಲಿ ಒಂದು ಕೋಷ್ಟಕವಿದೆ. ಗಾಡಿ ನಿಲ್ಲಲು ಬೇಕಾದ ದೂರದ ಕೋಷ್ಟಕ. ಅದನ್ನು ನೋಡಿದಾಗ ನನಗೆ ಹಳೆಯ ಸ್ನೇಹಿತ ಸಿಕ್ಕಷ್ಟು ಸಂತೋಷವಾಯಿತು. ಗಾಡಿ ನಿಲ್ಲುವ ದೂರದಲ್ಲಿ ಎರಡು ಭಾಗ. ಅಪಾಯ ಕಂಡು ಕಾಲು ಬ್ರೇಕಿಗೆ ಹೋಗುವಷ್ಟರಲ್ಲಿ ಗಾಡಿ ಓಡಿಬಿಡುವ ದೂರ ಒಂದು. ಬ್ರೇಕು ಹಿಡಿದ ಮೇಲೆ ಓಡುವ ದೂರ ಇನ್ನೊಂದು. ಗಂಟೆಗೆ 30 ಮೈಲಿ, ಅಂದರೆ ಸುಮಾರು 48 ಕಿ.ಮೀ. ವೇಗದಲ್ಲಿ ಮೊದಲನೆಯದು 9 ಮೀಟರ್, ಎರಡನೆಯದು 14. ಒಟ್ಟು 23 ಮೀಟರ್. ವೇಗವನ್ನು ಎರಡರಷ್ಟು ಮಾಡಿ, 60 ಮೈಲಿಗೆ ಏರಿಸಿ. ಮೊದಲನೆಯದು 18 ಮೀಟರ್, ಸರಿಯಾಗಿ ಎರಡರಷ್ಟು. ಆದರೆ ಎರಡನೆಯದು 28 ಅಲ್ಲ, 55! ನಾಲ್ಕರಷ್ಟು ಹತ್ತಿರ. ಒಟ್ಟು 73 ಮೀಟರ್. ರಸ್ತೆ ಒದ್ದೆಯಾಗಿದ್ದರೆ ನಿಲ್ಲಲು ಕಡಿಮೆಯೆಂದರೂ ಇದರ ಎರಡರಷ್ಟು ಜಾಗ ಬೇಕು.

ಯಾಕೆ ನಾಲ್ಕರಷ್ಟು? ಒಂಬತ್ತನೆಯ ತರಗತಿಯ ವಿದ್ಯಾರ್ಥಿ ಮಿತ್ರರಿಗೆ ಇದು ಗೊತ್ತು. ಚಲನಶಕ್ತಿ ವೇಗದ ವರ್ಗಕ್ಕೆ ಅನುಪಾತದಲ್ಲಿರುತ್ತದೆ. ವೇಗ ಎರಡರಷ್ಟಾದರೆ ಬ್ರೇಕು ನುಂಗಿಹಾಕಬೇಕಾದ ಶಕ್ತಿ ನಾಲ್ಕರಷ್ಟು. ಚಲನೆಯ ಮೂರನೆಯ ಸಮೀಕರಣ ಹೇಳುವುದೂ ಇದನ್ನೇ. ಅದನ್ನು ನಾನು ಕಪ್ಪುಹಲಗೆಯ ಮೇಲೆ ಎಷ್ಟು ನೂರು ಸಲ ಬರೆದಿದ್ದೇನೋ ಲೆಕ್ಕವಿಲ್ಲ. ಒಂದು ಸಲವೂ ಶಾಲೆಯ ಗೇಟಿನಾಚೆಯ ರಸ್ತೆಯ ಉದಾಹರಣೆ ಕೊಟ್ಟಿರಲಿಲ್ಲ. ‘ಒಂದು ರೈಲು ನಿಶ್ಚಲ ಸ್ಥಿತಿಯಿಂದ ಹೊರಟು...’ ಎಂದೇ ಶುರು ಮಾಡುತ್ತಿದ್ದೆ. ನಮ್ಮೂರಿಗೆ ರೈಲೇ ಇಲ್ಲ!

ಬರವಣಿಗೆಯ ಪರೀಕ್ಷೆಯಲ್ಲಿ ಇನ್ನೊಂದು ಭಾಗವಿದೆ. ರಸ್ತೆಯ 14 ಪುಟ್ಟ ಚಲನಚಿತ್ರಗಳನ್ನು ತೋರಿಸುತ್ತಾರೆ. ನೋಡುತ್ತಾ ನೋಡುತ್ತಾ ಎಲ್ಲಿ ಅಪಾಯ ರೂಪುಗೊಳ್ಳುತ್ತಿದೆ ಎನ್ನಿಸುತ್ತದೋ ಅಲ್ಲಿ ಗುಂಡಿ ಒತ್ತಬೇಕು. ಬೇಗ ಒತ್ತಿದರೆ ಐದು ಅಂಕ; ತಡವಾದಷ್ಟೂ ನಾಲ್ಕು, ಮೂರು, ಎರಡು ಎಂದು ಇಳಿಯುತ್ತದೆ. ತೀರಾ ತಡವಾದರೆ ಸೊನ್ನೆ. ಸುಮ್ಮನೆ ಟಕಟಕ ಒತ್ತುತ್ತಾ ಹೋದವನಿಗೂ ಸೊನ್ನೆ. 75ಕ್ಕೆ 44 ಬರಬೇಕು. ಪ್ರಶ್ನೆಗಳಲ್ಲಿ ನನಗೆ 50ಕ್ಕೆ 49 ಬಂತು. ಈ ಭಾಗದಲ್ಲಿ ಬಂದದ್ದು 45. ಮಗನಿಗೆ 61.

‘ಅಪ್ಪಾ, ನೀವು ಚೆಂಡು ರಸ್ತೆಗೆ ಉರುಳಿದ ಮೇಲೆ ಒತ್ತುತ್ತೀರಿ. ಮೈದಾನದಲ್ಲಿ ಮಕ್ಕಳು ಆಡುತ್ತಿರುವುದು ಕಂಡಾಗಲೇ ಕಣ್ಣು ಅಲ್ಲಿಡಬೇಕು’ ಎಂದ ಮಗ. ನಾನು ಪಿಳಿಪಿಳಿ ಕಣ್ಣು ಬಿಟ್ಟೆ. ಇದು ಭೌತಶಾಸ್ತ್ರದ ಲೆಕ್ಕವಲ್ಲ, ನೋಡುವ ಅಭ್ಯಾಸ. ನನಗೆ ಅದು ಇರಲಿಲ್ಲ.

ರಸ್ತೆಯ ಪರೀಕ್ಷೆಗೆ ತಾರೀಖು ಸಿಗಲು ತಿಂಗಳುಗಟ್ಟಲೆ ಕಾಯಬೇಕಾಯಿತು. ಅಷ್ಟರಲ್ಲಿ ಕಲಿಸಲು ಒಬ್ಬ ಹುಡುಗಿಯನ್ನು ಗೊತ್ತು ಮಾಡಿಕೊಂಡೆವು. ಅವಳಿಗೆ ಇಪ್ಪತ್ತೆಂಟಿರಬಹುದು, ನನ್ನ ಹಳೆಯ ವಿದ್ಯಾರ್ಥಿನಿಯರಲ್ಲಿ ಅನೇಕರು ಅವಳಿಗಿಂತ ದೊಡ್ಡವರು. ಆದರೂ ಗುರು ಗುರುವೇ. ‘ಮೇಡಂ’ ಎಂದೇ ಕರೆದೆ. ಅವಳಿಗೆ ನಗು ಬಂತು. ಮೊದಲ ದಿನ ಅರ್ಧ ಗಂಟೆ ಓಡಿಸಿ, ಶಹಭಾಸ್‌ಗಿರಿ ನಿರೀಕ್ಷಿಸುತ್ತಾ ಕುಳಿತೆ. ‘ನೀವು ಗಾಡಿಯನ್ನು ಚೆನ್ನಾಗಿ ಓಡಿಸುತ್ತೀರಿ. ಆದರೆ ರಸ್ತೆಯಲ್ಲಿ ನೀವೊಬ್ಬರೇ ಇರುವ ಹಾಗೆ ಓಡಿಸುತ್ತೀರಿ’ ಎಂದಳು.

ಅವಳು ಹೇಳಿದ್ದು ಸುಳ್ಳಲ್ಲ. ಕನ್ನಡಿ ನೋಡುವುದು ನನಗೆ ರೂಢಿಯೇ ಇರಲಿಲ್ಲ. ಊರಿನಲ್ಲಿ ಇಕ್ಕಟ್ಟಿನ ರಸ್ತೆಗೆ ಹೆದರಿ ಎಡಗಡೆಯ ಕನ್ನಡಿಯನ್ನು ಮಡಚಿಯೇ ಇಡುತ್ತಿದ್ದೆ. ಅಲ್ಲಿ ವೇಗ ತಗ್ಗಿಸುವ ಮುನ್ನ, ತಿರುಗುವ ಮುನ್ನ, ಪಕ್ಕಕ್ಕೆ ಸರಿಯುವ ಮುನ್ನ, ಪ್ರತಿ ಸಲವೂ ಕನ್ನಡಿ. ಹಾರ್ನು ಎಂದರೆ ಅಲ್ಲಿ ‘ನಾನು ಇಲ್ಲಿದ್ದೇನೆ’ ಎಂದು ಎಚ್ಚರಿಸುವುದಕ್ಕೆ ಮಾತ್ರ. ಜನವಸತಿ ಇರುವ ಕಡೆ ರಾತ್ರಿ ಹನ್ನೊಂದೂವರೆಯಿಂದ ಬೆಳಿಗ್ಗೆ ಏಳರವರೆಗೆ ಅದೂ ಇಲ್ಲ. ವೃತ್ತಗಳಲ್ಲಿ ಬಲಗಡೆಯಿಂದ ಬರುವವರಿಗೆ ಮೊದಲ ಹಕ್ಕು. ಸೈಕಲ್ಲಿನವನನ್ನು ದಾಟುವಾಗ ಒಂದೂವರೆ ಮೀಟರಾದರೂ ಜಾಗ ಬಿಡಬೇಕು. ಗುಡ್ಡದ ರಸ್ತೆಯಲ್ಲಿ ಹ್ಯಾಂಡ್‌ಬ್ರೇಕು ಬಿಡುತ್ತಾ, ಕ್ಲಚ್ಚು ಏರಿಸುತ್ತಾ, ಗಾಡಿ ಒಂದಂಗುಲವೂ ಹಿಂದೆ ಸರಿಯದ ಹಾಗೆ ಹೊರಡುವುದು ಮಾತ್ರ ನನಗೆ ಸಲೀಸಾಗಿ ಬಂತು. ನಮ್ಮ ಘಾಟಿಗಳಿಗೆ ಕೈಮುಗಿದೆ.

ಅಷ್ಟು ಹೊತ್ತಿಗೆ 2023ರ ಸೆಪ್ಟೆಂಬರ್ 17ರಂದು ವೇಲ್ಸಿನಲ್ಲಿ ಹೊಸ ನಿಯಮ ಬಂತು. ಮನೆಗಳಿರುವ ಬಹುತೇಕ ರಸ್ತೆಗಳಲ್ಲಿ 30 ಮೈಲಿಯ ಮಿತಿ 20ಕ್ಕೆ ಇಳಿಯಿತು. ಜನ ಗೊಣಗಿದರು, ನಾನೂ ಗೊಣಗಿದೆ. ಆಮೇಲೆ ಒಂದು ರಾತ್ರಿ ಕಾಗದ ಪೆನ್ನು ಹಿಡಿದು ಲೆಕ್ಕ ಮಾಡಿದೆ. 20 ಮೈಲಿ ವೇಗದ ಗಾಡಿ 12 ಮೀಟರಿಗೆ ನಿಲ್ಲುತ್ತದೆ. ಅದೇ ಜಾಗದಲ್ಲಿ, ಅದೇ ಕ್ಷಣದಲ್ಲಿ ಅಪಾಯ ಕಂಡ 30 ಮೈಲಿ ವೇಗದ ಗಾಡಿ ಎಷ್ಟು ನಿಧಾನವಾಗಿರುತ್ತದೆ? ಅದರ 9 ಮೀಟರು ಕಾಲು ಬ್ರೇಕಿಗೆ ಹೋಗುವುದರಲ್ಲೇ ಕಳೆದಿರುತ್ತದೆ. ಉಳಿದ 3 ಮೀಟರಿನಲ್ಲಿ ಬ್ರೇಕು ಏನು ಮಾಡೀತು? ಸಮೀಕರಣಕ್ಕೆ ಸಂಖ್ಯೆ ಹಾಕಿದರೆ ಉತ್ತರ ಗಂಟೆಗೆ 42 ಕಿ.ಮೀ.ಗೂ ಹೆಚ್ಚು. ಮೊದಲನೆಯ ಗಾಡಿ ನಿಂತೇಬಿಟ್ಟ ಜಾಗದಲ್ಲಿ ಎರಡನೆಯದು ಹೆಚ್ಚೂಕಡಿಮೆ ತನ್ನ ಪೂರ್ತಿ ವೇಗದಲ್ಲಿಯೇ ಇರುತ್ತದೆ. ಲೆಕ್ಕವನ್ನು ಮೂರು ಸಲ ಮಾಡಿ ನೋಡಿದೆ. ತಪ್ಪಿರಲಿಲ್ಲ. ಗೊಣಗುವುದನ್ನು ಬಿಟ್ಟೆ.

ಪರೀಕ್ಷೆಯ ದಿನ ಬಂತು. ಮೊದಲು 20 ಮೀಟರ್ ದೂರದ ಗಾಡಿಯ ನಂಬರು ಓದಿಸಿದರು. ಓದಿದೆ. ಟೈರಿನ ಬಗ್ಗೆ ಒಂದು ಪ್ರಶ್ನೆ ಕೇಳಿದರು. ಹೇಳಿದೆ. ಆಮೇಲೆ ನಲವತ್ತು ನಿಮಿಷ ಓಡಿಸಬೇಕು. ಸಣ್ಣ ತಪ್ಪುಗಳು ಹದಿನೈದರವರೆಗೆ ಮಾಫಿ. ಗಂಭೀರ ತಪ್ಪು ಒಂದೇ ಒಂದಾದರೂ ಫೇಲು. ಪರೀಕ್ಷಕರು ಮಿತಭಾಷಿ. ಮೂವತ್ತು ನಿಮಿಷ ಎಲ್ಲವೂ ಸುಸೂತ್ರವಾಗಿ ನಡೆಯಿತು. ಮನಸ್ಸಿನಲ್ಲೇ ಗುಲಾಬಿ ಕಾರ್ಡು ಕಾಣತೊಡಗಿತ್ತು. ಒಂದು ಶಾಲೆಯ ಹತ್ತಿರ ಜೀಬ್ರಾ ಪಟ್ಟೆಯ ಅಂಚಿನಲ್ಲಿ ಬ್ಯಾಗು ಹೊತ್ತ ಹುಡುಗನೊಬ್ಬ ನಿಂತಿದ್ದ. ಪಾದಚಾರಿ ಮಾರ್ಗದ ಮೇಲೆಯೇ ಇದ್ದ, ರಸ್ತೆಗೆ ಕಾಲಿಟ್ಟಿರಲಿಲ್ಲ. ನಾನು ನಿಧಾನವಾಗಿ ದಾಟಿಕೊಂಡು ಮುಂದೆ ಹೋದೆ. ಪಕ್ಕದಲ್ಲಿ ಪೆನ್ನು ಗೀಚಿದ ಸದ್ದಾಯಿತು.

ಕೊನೆಗೆ ಕಾರು ನಿಲ್ಲಿಸಿದಾಗ ಪರೀಕ್ಷಕರು ಫೇಲು ಎಂದರು. ನಾನು ವಾದಿಸಿದೆ. ‘ಅವನು ದಾಟುತ್ತಿರಲಿಲ್ಲವಲ್ಲ, ಸುಮ್ಮನೆ ನಿಂತಿದ್ದನಲ್ಲ’ ಎಂದೆ. ದಾಟಲು ಕಾಯುತ್ತಿರುವವರಿಗೂ ದಾರಿ ಬಿಡಬೇಕು ಎಂದು 2022ರ ಜನವರಿಯಿಂದಲೇ ಪುಸ್ತಕದಲ್ಲಿ ಸ್ಪಷ್ಟವಾಗಿ ಬರೆದಿದ್ದಾರೆ. ಅದನ್ನು ಓದಿ ಬಾಯಿಪಾಠ ಮಾಡಿದವನು ನಾನೇ. ಪರೀಕ್ಷಕರು ನಿಯಮ ಹೇಳಲಿಲ್ಲ. ‘ನೀವು ಅವನನ್ನು ನೋಡಲಿ ಎಂದೇ ಅವನು ನಿಂತಿದ್ದ’ ಎಂದರು ಅಷ್ಟೆ.

ಆ ರಾತ್ರಿ ನಿದ್ದೆ ಹತ್ತಲಿಲ್ಲ. ಫೇಲಾದ ಅವಮಾನಕ್ಕಲ್ಲ. ಬೇರೊಬ್ಬ ಹುಡುಗ ಕಣ್ಣ ಮುಂದೆ ಬಂದು ನಿಂತಿದ್ದ.

2011ರ ಆಗಸ್ಟ್. ನಮ್ಮ ಶಾಲೆಯಲ್ಲಿ ವಿಜ್ಞಾನ ವಸ್ತುಪ್ರದರ್ಶನ. ಹತ್ತನೆಯ ತರಗತಿಯ ಒಬ್ಬ ಚುರುಕಾದ ಹುಡುಗ ಆ ವರ್ಷ ದಿನವೂ ಅಪ್ಪನ ಸ್ಕೂಟರಿನಲ್ಲಿ ಬರುತ್ತಿದ್ದ. ಗೇಟಿನ ಬಳಿ ನಾನು ದಿನವೂ ನೋಡುತ್ತಿದ್ದೆ. ಏನೂ ಹೇಳಿರಲಿಲ್ಲ. ಪ್ರದರ್ಶನದ ಹಿಂದಿನ ಸಂಜೆ ಸೆಲ್ಲುಗಳು ಸಾಲಲಿಲ್ಲ. ‘ಪೇಟೆಗೆ ಹೋಗಿ ನಾಲ್ಕು ಸೆಲ್ಲು, ಎರಡು ಮೀಟರ್ ತಂತಿ ತಂದುಬಿಡೋ, ಹೇಗೂ ಗಾಡಿ ಇದೆಯಲ್ಲ’ ಎಂದು ದುಡ್ಡು ಕೊಟ್ಟವನು ನಾನೇ. ಜಿಟಿಜಿಟಿ ಮಳೆ. ಮೋರಿಯ ತಿರುವಿನಲ್ಲಿ ಎದುರಿಗೆ ಬಸ್ಸು ಬಂತು. ಹುಡುಗ ಬ್ರೇಕು ಹಿಡಿದ. ಒದ್ದೆ ರಸ್ತೆಯಲ್ಲಿ ಗಾಡಿ ಜಾರಿತು. ಜೀವ ಉಳಿಯಿತು. ಬಲಗಾಲು ಗಿಡ್ಡವಾಗಿಯೇ ಉಳಿಯಿತು. ಆ ವರ್ಷ ಪರೀಕ್ಷೆಗೆ ಕೂರಲಾಗಲಿಲ್ಲ. ಮುಂದಿನ ವರ್ಷ ಪಾಸಾದ. ಆದರೆ ಓದು ಅಲ್ಲಿಗೇ ನಿಂತಿತು. ಅವನ ತಂದೆ ನನ್ನನ್ನು ಒಂದು ಮಾತೂ ಅನ್ನಲಿಲ್ಲ. ‘ಗ್ರಹಚಾರ ಮೇಷ್ಟ್ರೇ’ ಎಂದರು. ನಾನೂ ಗ್ರಹಚಾರ ಎಂದೇ ತಲೆಯಾಡಿಸಿದೆ. ಅವನನ್ನು ಕಳುಹಿಸಿದ್ದು ನಾನು ಎಂದು ಶಾಲೆಯಲ್ಲಿ ಯಾರಿಗೂ ಹೇಳಲಿಲ್ಲ. ಅವನೂ ಹೇಳಲಿಲ್ಲ.

ನಮ್ಮ ಮಗನಿಗೆ ಹದಿನೈದಾದಾಗ ಡೈರಿಗೆ ಹಾಲು ಹಾಕಿ ಬರಲು ಸ್ಕೂಟರಿನ ಬೀಗದ ಕೈ ಕೊಟ್ಟವನೂ ನಾನೇ. ಅಷ್ಟೆಲ್ಲಾ ಆದ ಮೇಲೂ!

ಡಿಸೆಂಬರಿನಲ್ಲಿ ಮಗ ಪಾಸಾದ. 2024ರ ಮಾರ್ಚಿಯಲ್ಲಿ ಎರಡನೆಯ ಸಲ ನಾನೂ ಪಾಸಾದೆ. ಸಣ್ಣ ತಪ್ಪು ನಾಲ್ಕೇ ನಾಲ್ಕು. ಈ ಸಲ ದಾರಿಯಲ್ಲಿ ಮೂರು ಕಡೆ ಪಟ್ಟೆಯ ಅಂಚಿನಲ್ಲಿ ನಿಂತವರಿಗಾಗಿ ನಿಂತೆ. ಮೂರನೆಯವರು ಒಬ್ಬ ಮುದುಕಿ. ಅವರು ದಾಟುವವರೇ ಅಲ್ಲವಂತೆ. ಬೇರೆ ಯಾರಿಗೋ ಕಾಯುತ್ತಿದ್ದರಂತೆ! ಕೈಬೀಸಿ ಮುಂದೆ ಹೋಗೆಂದರು. ಪರೀಕ್ಷಕರ ಮುಖದಲ್ಲಿ ಮೊದಲ ಬಾರಿಗೆ ಸಣ್ಣ ನಗು ಕಂಡೆ.

ರಜೆ ಮುಗಿದು 2024ರ ಜೂನಿನಲ್ಲಿ ನಾನೊಬ್ಬನೇ ಊರಿಗೆ ಬಂದು ಶಾಲೆ ಸೇರಿದೆ. ಬ್ರಿಟನ್ನಿನಲ್ಲಿ ಎಲ್ಲವೂ ಸರಿ, ನಮ್ಮಲ್ಲಿ ಎಲ್ಲವೂ ತಪ್ಪು ಎಂದು ಹೇಳುವ ಜಾತಿಯವನಲ್ಲ ನಾನು. ಅವರೂ ಹುಟ್ಟುವಾಗಲೇ ಕಲಿತು ಬಂದವರಲ್ಲ. 1934ರಲ್ಲಿ, ಗಾಡಿಗಳು ಈಗಿನದರ ಸಣ್ಣ ಪಾಲು ಮಾತ್ರ ಇದ್ದಾಗ, ಅಲ್ಲಿನ ರಸ್ತೆಗಳಲ್ಲಿ ಏಳು ಸಾವಿರಕ್ಕೂ ಹೆಚ್ಚು ಜನ ಸತ್ತರು. ಮರುವರ್ಷ, 1935ರಲ್ಲಿ, ಚಾಲನಾ ಪರೀಕ್ಷೆ ಕಡ್ಡಾಯವಾಯಿತು. 2022ರಲ್ಲಿ ಅಲ್ಲಿ ಸತ್ತವರು ಸುಮಾರು 1,700. ಅದೇ ವರ್ಷ ನಮ್ಮ ದೇಶದಲ್ಲಿ 1,68,491 ಮಂದಿ. ನಮ್ಮ ಜನಸಂಖ್ಯೆ ಅವರ ಇಪ್ಪತ್ತೊಂದು ಪಟ್ಟು. ಸಾವು ನೂರು ಪಟ್ಟಿನ ಹತ್ತಿರ. ಭಾಗಾಕಾರವನ್ನು ನೀವೇ ಮಾಡಿಕೊಳ್ಳಿ.

ನಾನು ಮಾಡಿದ್ದು ಇಷ್ಟೆ. ಜುಲೈಯಲ್ಲಿ ಮಳೆ ಬಿಟ್ಟ ಒಂದು ದಿನ ಹತ್ತನೆಯ ತರಗತಿಯವರನ್ನು ಮೈದಾನಕ್ಕೆ ಕರೆದೊಯ್ದೆ. ಖೋಖೋ ಅಂಕಣಕ್ಕೆ ಹಾಕುವ ಸುಣ್ಣದ ಪುಡಿಯಲ್ಲಿ ಒಂದು ಗೆರೆ ಎಳೆದೆ. ಅಲ್ಲಿಂದ 12 ಮೀಟರಿಗೊಂದು, 23ಕ್ಕೊಂದು, 73ಕ್ಕೊಂದು ಗೆರೆ. ಟೇಪು ಹಿಡಿದವರು ಮಕ್ಕಳೇ. 73ರ ಗೆರೆ ಮೈದಾನ ದಾಟಿ, ಬೇಲಿ ದಾಟಿ, ಹೆಡ್‌ಮಾಸ್ತರರ ಕೋಣೆಯ ಹಿಂದಿನ ಹಲಸಿನ ಮರದ ಬುಡಕ್ಕೆ ಹೋಯಿತು. ‘ಸರ್, ಇಷ್ಟು ದೂರವಾ?’ ಎಂದು ಒಬ್ಬಳು ಕೇಳಿದಳು. ‘ಒಣ ರಸ್ತೆಗೆ ಇಷ್ಟು, ಮಳೆಗಾಲಕ್ಕೆ ಇದರ ಎರಡರಷ್ಟು’ ಎಂದೆ. ಮಕ್ಕಳು ಬೇಲಿಯಾಚೆ ನೋಡಿದರು.

ಪೋಷಕರ ಸಭೆಗೆಂದು ಆ ಕೋಷ್ಟಕವನ್ನು ಕನ್ನಡದಲ್ಲಿ ಬರೆದು, ಅದರ ಕೆಳಗೆ ಕಾನೂನನ್ನೂ ಬರೆದೆ. 2019ರ ತಿದ್ದುಪಡಿಯ ಪ್ರಕಾರ, ಹದಿನೆಂಟು ತುಂಬದ ಮಗು ಗಾಡಿ ಓಡಿಸಿ ತಪ್ಪು ಮಾಡಿದರೆ ಅದರ ಹೊಣೆ ಪೋಷಕರದು ಅಥವಾ ಗಾಡಿಯ ಮಾಲೀಕರದು. 25 ಸಾವಿರ ರೂಪಾಯಿ ದಂಡ, ಮೂರು ವರ್ಷದವರೆಗೆ ಜೈಲು. ಆ ಮಗುವಿಗೆ ಇಪ್ಪತ್ತೈದು ತುಂಬುವವರೆಗೆ ಲೈಸೆನ್ಸು ಸಿಗುವುದಿಲ್ಲ.

ಪ್ರತಿ ತೆಗೆಸಲು ಪೇಟೆಯ ಜೆರಾಕ್ಸ್ ಅಂಗಡಿಗೆ ಹೋದೆ. ಆ ಅಂಗಡಿ ಈಗ ಯಾರದೆಂದು ನನಗೆ ಗೊತ್ತಿತ್ತು. ಬೇಕೆಂದೇ ಅಲ್ಲಿಗೆ ಹೋದೆ. ಅವನು ಕಾಲೆಳೆದುಕೊಂಡು ಎದ್ದು ಬಂದು, ‘ಬನ್ನಿ ಸರ್, ಯಾವಾಗ ಬಂದ್ರಿ ಫಾರಿನ್ನಿಂದ?’ ಎಂದ. ಕಾಗದವನ್ನು ಯಂತ್ರಕ್ಕೆ ಇಡುವ ಮುನ್ನ ಪೂರ್ತಿ ಓದಿದ. ಸ್ವಲ್ಪ ಹೊತ್ತು ಸುಮ್ಮನಿದ್ದು ಕೇಳಿದ: ‘ಇದನ್ನ ನಮಗ್ಯಾಕೆ ಹೇಳಿರಲಿಲ್ಲ ಸರ್?’

ಅದರಲ್ಲಿ ಸಿಟ್ಟಿರಲಿಲ್ಲ. ತರಗತಿಯಲ್ಲಿ ಕೈಯೆತ್ತಿ ಸಂದೇಹ ಕೇಳುತ್ತಿದ್ದ ಅದೇ ಧ್ವನಿ. ಗೊತ್ತಿರಲಿಲ್ಲ ಎಂದು ಹೇಳಲು ಬಾಯಿ ತೆರೆದೆ. ಆದರೆ ಸಮೀಕರಣ ನನಗೆ ಗೊತ್ತಿತ್ತು. ಅವನಿಗೆ ಅದನ್ನು ಕಲಿಸಿದವನೂ ನಾನೇ. ‘ನಿನ್ನನ್ನು ಅವತ್ತು ಕಳಿಸಬಾರದಾಗಿತ್ತು ಕಣೋ. ತಪ್ಪು ನನ್ನದು’ ಎಂದೆ. ಹನ್ನೆರಡು ವರ್ಷಕ್ಕೂ ಮೀರಿ ತಡವಾಗಿ ಒತ್ತಿದ ಗುಂಡಿ ಅದು. ಅವನು ಯಂತ್ರದ ಮುಚ್ಚಳ ಹಾಕುತ್ತಾ, ‘ಎಷ್ಟು ಕಾಪಿ ಸರ್?’ ಎಂದ. ನಲವತ್ತು ಎಂದೆ. ಅರವತ್ತು ತೆಗೆದುಕೊಟ್ಟ. ದುಡ್ಡು ಮಾತ್ರ ಎಷ್ಟು ಹೇಳಿದರೂ ಮುಟ್ಟಲಿಲ್ಲ.

ಪೋಷಕರ ಸಭೆಯಲ್ಲಿ ಕೆಲವರಿಗೆ ಬೇಸರವಾಯಿತು. ‘ತೋಟದ ಮನೆಯಿಂದ ಆರು ಕಿಲೋಮೀಟರ್ ಮೇಷ್ಟ್ರೇ, ಬಸ್ಸು ನೀವು ಬಿಡಿಸ್ತೀರಾ?’ ಎಂದು ಒಬ್ಬರು ಕೇಳಿದರು. ನ್ಯಾಯವಾದ ಪ್ರಶ್ನೆ. ಬಸ್ಸಿಗಾಗಿ ನಾವೆಲ್ಲ ಸೇರಿ ಅರ್ಜಿ ಕೊಟ್ಟಿದ್ದೇವೆ, ಇನ್ನೂ ಬಂದಿಲ್ಲ. ಅಷ್ಟರವರೆಗೆ ಆ ದಾರಿಯ ಇಬ್ಬರು ತಂದೆಯರು ಸರದಿಯಂತೆ ಐದು ಮಕ್ಕಳನ್ನು ಜೀಪಿನಲ್ಲಿ ತಂದು ಬಿಡುತ್ತಿದ್ದಾರೆ.

ಶಾಲೆಯೊಳಗೆ ಗಾಡಿ ತರುವಂತಿಲ್ಲ ಎಂಬ ನಿಯಮ ನಮ್ಮಲ್ಲಿ ಹಿಂದಿನಿಂದಲೂ ಇದೆ. ಅದಕ್ಕೇ ಮಕ್ಕಳು ತಿರುವಿನ ದಿನಸಿ ಅಂಗಡಿಯ ಹಿಂದೆ ನಿಲ್ಲಿಸಿ ಬರುತ್ತಾರೆ. ಅದು ನನಗೂ ಗೊತ್ತಿತ್ತು, ಎಲ್ಲರಿಗೂ ಗೊತ್ತಿತ್ತು. ಈಗ ದಿನವೂ ಬೆಳಿಗ್ಗೆ ಆ ದಾರಿಯಲ್ಲೇ ನಡೆದು ಶಾಲೆಗೆ ಬರುತ್ತೇನೆ. ಮೊದಲ ದಿನ ಎಣಿಸಿದಾಗ ಹನ್ನೊಂದು ಗಾಡಿಗಳಿದ್ದವು. ಈಗ ನಾಲ್ಕಿವೆ. ಆ ನಾಲ್ವರ ಮನೆ ಎಲ್ಲಿ ಎಂದು ಕೇಳಿಟ್ಟುಕೊಂಡಿದ್ದೇನೆ. ಈ ಭಾನುವಾರ ಒಂದು ಮನೆಗೆ ಹೋಗಬೇಕು.